‘ಧೈರ್ಯವಾಗಿರಿ’ ಅಂದಮೇಲೆ ಮುಂದೇನು? ಕ್ಯಾನ್ಸರ್ ಇರುವವರ ಮನೆಗೆ ಹೋಗುವವರಿಗಾಗಿ

ತುಂಗಾತೀರ:
ಕ್ಯಾನ್ಸರ್ ಇರುವವರ ಮನೆ ಭೇಟಿಗೆ ಹೋಗುವ ಸ್ವಯಂಸೇವಕರಿಗೆ ನಾಲ್ಕು ಪುಟದ ಕೈಪಿಡಿ ತಯಾರಾಗ್ತಿದೆ. ಗಾಯ ತೊಳೆಯೋದು, ಮೂಗಿನ ನಳಿಕೆ ನೋಡಿಕೊಳ್ಳೋದು, ಮಗ್ಗುಲು ಬದಲಿಸೋದು ಎಲ್ಲ ಬರೆದಾಯ್ತು. ಸಿಕ್ಕಿಹಾಕಿಕೊಂಡಿರೋದು ಮಾತಿನ ಪುಟದಲ್ಲಿ. ಹೋದವರು ಕುರ್ಚಿ ಎಳೆದು ಕೂತ ಐದೇ ನಿಮಿಷಕ್ಕೆ "ಧೈರ್ಯವಾಗಿರಿ, ಏನೂ ಆಗಲ್ಲ" ಅಂತಾರೆ. ರೋಗಿ "ಹೂಂ" ಅಂತಾರೆ. ಕಾಫಿ ಬರುತ್ತೆ, ಕುಡಿದು ಎದ್ದು ಬರ್ತಾರೆ.

ಕೈಪಿಡಿಗೆ ಬೇಕಿರೋದು ಮೂರು ಮಾತಿಗೆ ದಾರಿ. "ನಂಗೇ ಯಾಕೆ ಬಂತು?", "ಇನ್ನೆಷ್ಟು ದಿನ?", "ನಾನಿದ್ದು ಏನು ಪ್ರಯೋಜನ, ಎಲ್ರಿಗೂ ಭಾರ." ಈ ಕೆಲಸ ಬಲ್ಲವರು ಬರೀರಿ. ಸ್ವಂತ ಕಥೆ ಬೇಡ, ಆ ಮನೆಯಲ್ಲಿ ಕೂತಾಗ ಏನು ಮಾಡಬೇಕು ಅನ್ನೋದು ಬೇಕು. ಸಾವನ್ನು ಗೆದ್ದ ವೀರರ ವಾಟ್ಸಾಪ್ ಸಂದೇಶಗಳಂತೂ ಬೇಡವೇ ಬೇಡ.

ರಾತ್ರಿಪಾಳಿ_ಸಿಸ್ಟರ್:
ಮಾತಿನ ಪುಟ ಕೊನೆಗಿರಲಿ, ನೋವಿನ ಪುಟ ಮೊದಲು ಬರಲಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎಂಟು ನೋವು ಇರೋರ ಮುಂದೆ ಬದುಕಿನ ಅರ್ಥ ಮಾತಾಡೋಕೆ ಕೂತರೆ ಅದು ಕ್ರೌರ್ಯ. "ದೇವರು ಕರ್ಕೊಂಡ್ರೆ ಸಾಕು" ಅನ್ನೋದು ಎಷ್ಟೋ ಸಲ ನೋವು ಆಡಿಸೋ ಮಾತು. ನೋವು ಮೂರಕ್ಕೆ ಇಳಿದ ಮೇಲೆ ಅದೇ ಬಾಯಲ್ಲಿ "ನಾಳೆ ಒಂಚೂರು ಉಪ್ಪಿಟ್ಟು ಮಾಡು" ಅಂತ ಬರುತ್ತೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ಆರೈಕೆಯ ಮನೆ) ಶುರುಮಾಡಿದ ಸಿಸಿಲಿ ಸಾಂಡರ್ಸ್ ಇದನ್ನೇ ‘ಒಟ್ಟು ನೋವು’ ಅಂದರು. ಮೈ, ಮನಸ್ಸು, ಮನೆ, ನಂಬಿಕೆ, ನಾಲ್ಕರ ನೋವೂ ಒಂದೇ ಜಡೆಯಲ್ಲಿ ಹೆಣೆದುಕೊಂಡಿರುತ್ತೆ. ಬಿಚ್ಚೋಕೆ ಸುಲಭದ ಎಳೆ ಮೈಯದ್ದು.

ತೀವ್ರ ನೋವಿಗೆ ಕೊಡೋ ಮಾರ್ಫಿನ್ ಮಾತ್ರೆ ಇರೋ ಮನೆಗೆ ಹೋದರೆ ಇಷ್ಟು ನೋಡಿ. ಸಾಮಾನ್ಯ ಮಾತ್ರೆ ಕೆಲಸ ಮಾಡೋದು ಸುಮಾರು ನಾಲ್ಕು ಗಂಟೆ. ಅದಕ್ಕೇ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಬರೆದುಕೊಡ್ತಾರೆ. ರಾತ್ರಿ ಹತ್ತರದ್ದು ಎರಡರಷ್ಟು, ನಡುರಾತ್ರಿ ಎರಡಕ್ಕೆ ಎಬ್ಬಿಸೋದು ತಪ್ಪಲಿ ಅಂತ. ಮಧ್ಯೆ ನೋವು ಒದ್ದುಕೊಂಡು ಬಂದರೆ ಕೊಡೋ ಹೆಚ್ಚುವರಿ ಪ್ರಮಾಣ ದಿನದ ಒಟ್ಟಿನಲ್ಲಿ ಆರರಲ್ಲೊಂದು ಭಾಗದ ಆಸುಪಾಸು. ಪ್ರಮಾಣ ಗೊತ್ತುಮಾಡೋದು, ಬದಲಿಸೋದು ಡಾಕ್ಟರ ಕೆಲಸ. ಎಲ್ಲಿ ಕೆಡ್ತಿದೆ ಅಂತ ಕಂಡುಹಿಡಿಯೋದು ನಿಮ್ಮದು.

ಕೆಡೋದು ಹೆಚ್ಚಾಗಿ ಹೀಗೆ. ನೋವು ಬಂದಾಗ ಮಾತ್ರ ಕೊಡ್ತಾರೆ, ಹಾಗಾಗಿ ಔಷಧಿ ಯಾವಾಗಲೂ ನೋವಿನ ಹಿಂದೆ ಓಡ್ತಿರುತ್ತೆ. ಇನ್ನೊಂದು ಮಲಬದ್ಧತೆ. ಮಾರ್ಫಿನ್ ಜೊತೆ ಮೊದಲ ದಿನದಿಂದಲೇ ರಾತ್ರಿ ಬಿಸಾಕೋಡಿಲ್ ಅಥವಾ ಸೆನ್ನಾ ಥರದ ಮಾತ್ರೆ ಬೇಕು, ಮಾರ್ಫಿನ್ ಇರೋವರೆಗೂ ಬೇಕು. ಅದನ್ನು ಬಿಟ್ಟರೆ ನಾಲ್ಕನೇ ದಿನ ಹೊಟ್ಟೆ ಕಲ್ಲಾಗುತ್ತೆ, ಮನೆಯವರು "ಈ ಮಾತ್ರೆ ಒಗ್ಗಲಿಲ್ಲ" ಅಂತ ಮಾರ್ಫಿನ್ನನ್ನೇ ನಿಲ್ಲಿಸ್ತಾರೆ. ವಾಕರಿಕೆ, ಮಂಪರು ಮೊದಲ ಕೆಲವು ದಿನ ಇದ್ದು ಇಳಿಯುತ್ತವೆ. ಇಳಿಯದೆ ಹೆಚ್ಚಾದರೆ, ಮೂತ್ರ ಕಡಿಮೆಯಾದರೆ, ಕೈಕಾಲು ಜಿಗ್ ಜಿಗ್ ಅಂತ ಎಗರಿದರೆ ಅವತ್ತೇ ಫೋನ್ ಮಾಡಿ. ಮೂತ್ರಪಿಂಡ ಸೋತಾಗ ಮಾರ್ಫಿನ್ ಮೈಯಲ್ಲೇ ಉಳಿದುಬಿಡುತ್ತೆ.

ಓದೋಕೆ ಬಾರದವರ ಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಐದು ಮನೆ ಗೀಚಿ, ಕೋಳಿ, ಏರಿದ ಸೂರ್ಯ, ಊಟದ ತಟ್ಟೆ, ದೀಪ, ಚಂದ್ರ ಬರೀರಿ. ಒಂದು ಮಾತ್ರೆಗೆ ಒಂದು ಚುಕ್ಕಿ, ಚಂದ್ರನ ಮನೆಯಲ್ಲಿ ಚುಕ್ಕಿ ಜಾಸ್ತಿ. ನುಂಗಿದ ಮೇಲೆ ಇದ್ದಿಲಲ್ಲಿ ಒಂದು ಗೀಟು. ಮುಂದಿನ ಭೇಟಿಯಲ್ಲಿ "ಸರಿಯಾಗಿ ತಗೊಂಡ್ರಾ?" ಅಂತ ಕೇಳೋದೇ ಬೇಡ, ಗೋಡೆ ನೋಡಿದರಾಯ್ತು.

ಗುಡ್ಡೆಮನೆ:
ಮಾರ್ಫಿನ್ ಊರಿನ ಮೆಡಿಕಲ್ ಶಾಪಲ್ಲಿ ಸಿಗಲ್ಲವಲ್ಲ? ಅದು ಕೊನೇ ಗಳಿಗೆಯ ಔಷಧಿ, ಚಟ ಹತ್ತುತ್ತೆ ಅಂತಲೂ ಹೇಳ್ತಾರೆ.

ರಾತ್ರಿಪಾಳಿ_ಸಿಸ್ಟರ್:
ಎಲ್ಲ ಅಂಗಡಿಯಲ್ಲೂ ಇಡಲ್ಲ. ಮಾದಕದ್ರವ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದಮೇಲೆ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹಲವು ಪರವಾನಗಿಗಳಿಗೆ ಅಲೆಯದೆ ದಾಸ್ತಾನು ಇಡಬಹುದು. ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಮಾರತ್‌ಹಳ್ಳಿಯಲ್ಲಿ ಕರುಣಾಶ್ರಯ ಹಾಸ್ಪೈಸ್ ಇದೆ. ಕರುಣಾಶ್ರಯದಲ್ಲಿ ದುಡ್ಡು ತಗೊಳ್ಳಲ್ಲ. ನಿಮ್ಮ ಜಿಲ್ಲೆಯಲ್ಲಿ ಯಾರ ಹತ್ರ ಮಾನ್ಯತೆ ಇದೆ ಅಂತ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ, ಶನಿವಾರ ರಾತ್ರಿ ಮಾತ್ರೆ ಮುಗಿದಾಗ ಹುಡುಕೋಕೆ ಕೂರಬೇಡಿ.

ಚಟದ ಭಯಕ್ಕೆ ವಾದ ಬೇಡ. ನೋವಿಗಾಗಿ ಡಾಕ್ಟರ ನಿಗಾದಲ್ಲಿ ಸರಿಯಾದ ಪ್ರಮಾಣ ತಗೊಳ್ಳೋರಲ್ಲಿ ಚಟ ಅಪರೂಪ ಅಂತ ಹೇಳಿ. ಹಠಾತ್ತನೆ ನಿಲ್ಲಿಸಿದರೆ ಮೈ ಒದ್ದಾಡುತ್ತೆ, ಅದು ಬೇರೆ ವಿಷಯ. ಹಾಗಾಗಿ ನಿಲ್ಲಿಸೋದಿದ್ದರೂ ಕೇಳಿಯೇ ನಿಲ್ಲಿಸಬೇಕು.

ಲೆಕ್ಕದ_ಮೇಷ್ಟ್ರು:
"ಇನ್ನೆಷ್ಟು ದಿನ?" ಬಗ್ಗೆ. ಅಪಾಯ ಇರೋದು ಒಂದೇ ಒಂದು ಸಂಖ್ಯೆ ಹೇಳೋದರಲ್ಲಿ. "ಒಂದು ವರ್ಷ" ಅಂತ ಡಾಕ್ಟರ ಬಾಯಿಂದ ಬಿದ್ದರೆ ಮನೆಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಹನ್ನೊಂದನೇ ತಿಂಗಳಿಗೆ ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಹದಿಮೂರಕ್ಕೆ ಹೋದರೆ ಡಾಕ್ಟರು ಸುಳ್ಳುಗಾರ.

ವೈದ್ಯರು ಹೇಳುವ ಸಂಖ್ಯೆ ಸಾಮಾನ್ಯವಾಗಿ ಮಧ್ಯಾಂಕ. ಅದೇ ಕಾಯಿಲೆ, ಅದೇ ಹಂತದ ನೂರು ಜನರನ್ನು ಬದುಕಿದ ಅವಧಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಅವಧಿ ಅದು. ಐವತ್ತು ಜನ ಆ ಗೆರೆಯ ಆಚೆಗೂ ಇದ್ದಾರೆ ಎಂಬುದು ಕೇಳುವವರ ಕಿವಿಗೆ ಬೀಳುವುದೇ ಇಲ್ಲ. ಹರಡಿದ ಕ್ಯಾನ್ಸರಿನಲ್ಲಿ ಆಸ್ಟ್ರೇಲಿಯಾದ ತಜ್ಞರು ಬಳಕೆಗೆ ತಂದ ಒಂದು ಸರಳ ಗುಣಾಕಾರ ಇದೆ. ಮಧ್ಯಾಂಕ 12 ತಿಂಗಳು ಎಂದುಕೊಳ್ಳಿ. ಸುಮಾರು ಅರ್ಧದಷ್ಟು ಜನ ಅದರ ಅರ್ಧ ಮತ್ತು ಎರಡರಷ್ಟರ ನಡುವೆ, ಅಂದರೆ 6ರಿಂದ 24 ತಿಂಗಳೊಳಗೆ ಬರುತ್ತಾರೆ. ತೀರಾ ಕಷ್ಟದ ಹತ್ತರಲ್ಲೊಬ್ಬರಿಗೆ ಕಾಲು ಭಾಗ, 3 ತಿಂಗಳು ಅಥವಾ ಅದಕ್ಕೂ ಕಡಿಮೆ. ಅದೃಷ್ಟದ ಹತ್ತರಲ್ಲೊಬ್ಬರಿಗೆ ಮೂರರಷ್ಟು ಅಥವಾ ಹೆಚ್ಚು, 36 ತಿಂಗಳು ದಾಟುತ್ತದೆ. ಮೂರನ್ನೂ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳಿದರೆ ಅದು ಸುಳ್ಳು ಭರವಸೆ, ಇಲ್ಲವೇ ಸುಳ್ಳು ತೀರ್ಪು.

ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೀಸೊಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಗ್ರಂಥಾಲಯದಲ್ಲಿ ಅವರಿಗೆ ಸಿಕ್ಕ ಮಧ್ಯಾಂಕ ಎಂಟು ತಿಂಗಳು. ಆದರೆ ಯಾರು ಎಷ್ಟು ಕಾಲ ಬದುಕಿದರು ಎಂದು ತೋರಿಸುವ ರೇಖೆಯ ಬಲಗಡೆಗೆ ಉದ್ದನೆಯ ಬಾಲವಿದೆ, ಅಂದರೆ ಕೆಲವರು ಬಹಳ ಕಾಲ ಬದುಕಿದ್ದಾರೆ, ವಯಸ್ಸು ಮತ್ತು ಚಿಕಿತ್ಸೆ ನೋಡಿದರೆ ತಾನು ಆ ಬಾಲದಲ್ಲಿರುವ ಸಾಧ್ಯತೆಯಿದೆ ಎಂದು ಲೆಕ್ಕ ಹಾಕಿದರು. ಇಪ್ಪತ್ತು ವರ್ಷ ಬದುಕಿ 2002ರಲ್ಲಿ ಬೇರೆ ಕ್ಯಾನ್ಸರಿನಿಂದ ತೀರಿಕೊಂಡರು. ಇದನ್ನು "ನಿಮಗೂ ಹಾಗೇ ಆಗುತ್ತದೆ" ಎಂದು ಹೇಳಲು ಬಳಸಬೇಡಿ. ಬಾಲ ಇದೆ ಎಂದಷ್ಟೇ ಹೇಳಲು ಬಳಸಿ. ಆಸೆಗೆ ಅಷ್ಟು ಜಾಗ ಲೆಕ್ಕವೇ ಬಿಟ್ಟುಕೊಡುತ್ತದೆ.

ಸ್ವಯಂಸೇವಕರು ತಾವಾಗಿ ಸಂಖ್ಯೆ ಹೇಳಲೇಬಾರದು. "ಡಾಕ್ಟರ ಹತ್ತಿರ ಮೂರೂ ಕೇಳಿ, ಚೆನ್ನಾಗಿ ನಡೆದರೆ ಎಷ್ಟು, ಕೆಟ್ಟರೆ ಎಷ್ಟು, ಸಾಮಾನ್ಯವಾಗಿ ಎಷ್ಟು" ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು.

ಪೇಡೆನಗರಿ:
ಮೇಷ್ಟ್ರ ಲೆಕ್ಕ ಛಲೋ ಅದ. ಆದ್ರ ನಮ್ಮ ಕಡೆ ಹೆಚ್ಚಿನ ಮನ್ಯಾಗ ಈ ಪ್ರಶ್ನಿ ಏಳೂದೇ ಇಲ್ರಿ. ಯಾಕಂದ್ರ ಕಾಯಿಲಿ ಹೆಸರ ರೋಗಿಗೆ ಹೇಳಿರೂದಿಲ್ಲ. ಬಾಗಲದಾಗ ತಡದು ಮಗ ಹೇಳ್ತಾನ: "ಅಪ್ಪಗ ಬರೇ ಗಂಟು ಅಂತ ಹೇಳೇವ್ರಿ, ನೀವೂ ಹಂಗ ಅನ್ರಿ." ಖರೆ ಹೇಳಿದ್ರ ಎದಿ ಒಡಕೊಂಡು ಎರಡ ದಿನದಾಗ ಹೋಗಿಬಿಡ್ತಾರಂತ ಭಯ. ಆ ಭಯ ಸುಳ್ಳ ಅಂತ ನೀವು ಪ್ಯಾಟ್ಯಾಗ ಕುಂತ ಹೇಳಬ್ಯಾಡ್ರಿ. ರೋಗಿಯ ಧೈರ್ಯ ಉಳೀಲಿ ಅಂತನ ಮುಚ್ಚಿಟ್ಟಿರ್ತಾರ. ಅದನ್ನ ಒಡದು ಹಾಕಾಕ ನಾವ್ಯಾರು?

ಕಡಲಕರೆ_ಆಪ್ತಸಮಾಲೋಚನೆ:
ಒಡೆದು ಹಾಕ್ಲಿಕ್ಕೆ ಯಾರೂ ಹೇಳುವುದಿಲ್ಲ. ಆ ಮಗ ಕೆಟ್ಟವನಲ್ಲ, ಪ್ರೀತಿಯಿಂದಲೇ ಮಾಡಿದ್ದು. ಹಾಗಾಗಿ ಮೊದಲು ಕೂರಬೇಕಾದ್ದು ಅವನ ಜೊತೆ, ಅಂಗಳದಲ್ಲಿ, ರೋಗಿಗೆ ಕೇಳದ ಹಾಗೆ. ಕಿಟಕಿ ಪಕ್ಕ ಪಿಸುಗುಟ್ಟಿದರೆ ಮುಗಿಯಿತು, ಒಳಗಿದ್ದವರಿಗೆ ಎಲ್ಲ ಕೇಳುತ್ತದೆ.

ಮೊದಲನೆಯದು, "ಹೇಳಿದರೆ ಏನಾಗಬಹುದು ಅಂತ ಭಯ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ "ಹೇಳದೆ ಇರುವುದು ನಿಮಗೆ ಎಷ್ಟು ಕಷ್ಟ ಆಗ್ತಾ ಉಂಟು?" ಹೆಚ್ಚಿನವರು ಅಳುವುದು ಇಲ್ಲಿ, ಅದುವರೆಗೆ ಅವರ ಪಾಡನ್ನು ಯಾರೂ ಕೇಳಿರುವುದಿಲ್ಲ. ಮೂರನೆಯದು ಒಪ್ಪಂದ: "ನಾನಾಗಿ ಕಾಯಿಲೆ ಹೆಸರು ಎತ್ತುವುದಿಲ್ಲ. ಅವರಿಗೆ ಎಷ್ಟು ಗೊತ್ತುಂಟು ಅಂತ ಮಾತ್ರ ಕೇಳ್ತೇನೆ. ಅವರೇ ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ." ಒಪ್ಪದಿದ್ದರೆ ಅವತ್ತು ಬಿಡಿ, ಮುಂದಿನ ವಾರ ಪುನಃ ಕೇಳಿ.

ರೋಗಿಯ ಹತ್ತಿರ "ಡಾಕ್ಟ್ರು ಏನಂದ್ರು? ನಿಮಗೇನು ಅನಿಸ್ತದೆ?" ಎಂಬಲ್ಲಿಂದ ಶುರು. ಕೂದಲು ಉದುರಿದೆ, ಕರೆಂಟು (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು ಬಂದಿದ್ದಾರೆ, ಆಸ್ಪತ್ರೆಯ ಬೋರ್ಡು ಓದಿದ್ದಾರೆ, ಪಕ್ಕದ ಮಂಚದವರೊಟ್ಟಿಗೆ ಮಾತಾಡಿದ್ದಾರೆ. ಎಷ್ಟೋ ಮಂದಿಗೆ ಪೂರ್ತಿ ಗೊತ್ತಿರುತ್ತದೆ, "ಮಕ್ಕಳಿಗೆ ನೋವಾಗ್ತದೆ" ಅಂತ ಅವರೂ ನಟಿಸುತ್ತಿರುತ್ತಾರೆ. ಗೊತ್ತಿಲ್ಲದವರಾದರೆ "ಇನ್ನೂ ತಿಳಿಯಬೇಕು ಅಂತ ಉಂಟಾ, ಅಥವಾ ಮಗನೇ ನೋಡಿಕೊಳ್ಳಲಿ ಅಂತಲಾ?" ಎಂದು ಕೇಳಿ. "ಅವನೇ ನೋಡಿಕೊಳ್ಳಲಿ" ಅಂದರೆ ಅದೂ ಅವರದೇ ತೀರ್ಮಾನ, ಗೌರವಿಸಿ. ತಿಳಿಯಬೇಕು ಅಂದರೆ ಡಾಕ್ಟರ ಜೊತೆ ಮಗನೂ ಇರುವ ಹಾಗೆ ಸಮಯ ಗೊತ್ತುಮಾಡಿ. "ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಗಂಭೀರ ಉಂಟು" ಎಂಬ ಮುನ್ಸೂಚನೆಯ ಮಾತು ಮೊದಲು. ಮತ್ತೆ ಬಾಯಿ ಮುಚ್ಚಬೇಕು. ಆ ಮೌನದಲ್ಲಿ ಏನಾದರೂ ತುಂಬಿಸುವ ಚಪಲಕ್ಕೇ ಎಲ್ಲ ಹಾಳಾಗುವುದು.

ಪೇಡೆನಗರಿ:
"ಸುಳ್ಳು ಹೇಳೂದಿಲ್ಲ, ನಾನಾಗಿ ಎತ್ತೂದಿಲ್ಲ" – ಈ ಒಪ್ಪಂದ ನಡೀತದ್ರಿ. ಇದನ್ನ ಮನ್ಯಾನವರು ಒಪ್ಪತಾರ. ನನ್ನ ತಕರಾರು ಅರ್ಧಾ ಇಳೀತು. ಉಳದ ಅರ್ಧಾ ಏನಂದ್ರ, ಬೆಂಗಳೂರಿಂದನೋ ಅಮೇರಿಕಾದಿಂದನೋ ಬಂದಿಳಿಯೋ ಇನ್ನೊಬ್ಬ ಮಗ. ಆರು ತಿಂಗಳದಿಂದ ನೋಡಿಕೊಂಡ ಸೊಸಿ ಒಪ್ಪಿರ್ತಾಳ, ಇವ ಒಂದ ದಿನದಾಗ ಎಲ್ಲಾ ತಿರಿವಿ ಹಾಕಿ ಐಸಿಯುಕ್ಕ ಒಯ್ತಾನ.

ಕಡಲಕರೆ_ಆಪ್ತಸಮಾಲೋಚನೆ:
ಅವನನ್ನು ಮೊದಲ ವಾರದಲ್ಲೇ ವಿಡಿಯೋ ಕಾಲಿನಲ್ಲಿ ಸೇರಿಸಿಕೊಳ್ಳುವುದೊಂದೇ ಉಪಾಯ. ದೂರ ಇದ್ದ ತಪ್ಪಿತಸ್ಥ ಭಾವ ಅಲ್ಲಿ ಕೆಲಸ ಮಾಡುವುದು. ಅವನಿಗೆ ಒಂದು ಕೆಲಸ ಕೊಡಿ, ದಿನಾ ಸಂಜೆ ಏಳಕ್ಕೆ ಅಪ್ಪನ ಜೊತೆ ಹತ್ತು ನಿಮಿಷ ಮಾತು, ವರದಿಗಳನ್ನೆಲ್ಲ ಒಂದು ಕಡೆ ಜೋಡಿಸಿಡುವುದು, ಏನಾದರೂ.

ಬಿಳಿಹಾಳೆ:
‘ಧನಾತ್ಮಕ ಚಿಂತನೆ’ ಬಗ್ಗೆ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇರಲಿ. "ಮನಸ್ಸು ಗಟ್ಟಿ ಇದ್ರೆ ಕ್ಯಾನ್ಸರ್ ಓಡಿಹೋಗುತ್ತೆ" ಅನ್ನೋದನ್ನ ಪರೀಕ್ಷಿಸಿ ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 1,093 ರೋಗಿಗಳಿದ್ದರು. ಅವರ ಮನಸ್ಸು ಎಷ್ಟು ಚೆನ್ನಾಗಿತ್ತು ಅನ್ನೋದಕ್ಕೂ ಎಷ್ಟು ಕಾಲ ಬದುಕಿದರು ಅನ್ನೋದಕ್ಕೂ ನಂಟು ಸಿಗಲಿಲ್ಲ. ಅದಕ್ಕೂ ಮೊದಲು 1989ರಲ್ಲಿ ಸ್ಟ್ಯಾನ್‌ಫರ್ಡಿನ ಡೇವಿಡ್ ಸ್ಪೀಗಲ್ ತಂಡ, ಸ್ತನ ಕ್ಯಾನ್ಸರ್ ಹರಡಿದ ಹೆಂಗಸರು ವಾರಕ್ಕೊಮ್ಮೆ ಗುಂಪಲ್ಲಿ ಕೂತು ಮಾತಾಡಿದರೆ ಆಯುಷ್ಯ ಹೆಚ್ಚುತ್ತೆ ಅಂತ ವರದಿ ಮಾಡಿತ್ತು. ಕೆನಡಾದಲ್ಲಿ 235 ಹೆಂಗಸರ ಮೇಲೆ ಮತ್ತೆ ನೋಡಿ 2001ರಲ್ಲಿ ಪ್ರಕಟಿಸಿದಾಗ ಆಯುಷ್ಯ ಹೆಚ್ಚಿರಲಿಲ್ಲ. ಆದರೆ ಮನಸ್ಸಿನ ಸಂಕಟ ಮತ್ತು ನೋವಿನ ಅನುಭವ ಕಡಿಮೆಯಾಗಿತ್ತು, ಮೊದಲೇ ಹೆಚ್ಚು ಕುಗ್ಗಿದ್ದವರಿಗೆ ಲಾಭವೂ ಹೆಚ್ಚು.

ಇದು ಕೆಟ್ಟ ಸುದ್ದಿ ಅಲ್ಲ, ಬಿಡುಗಡೆ. ಕಾಯಿಲೆ ಮರುಕಳಿಸಿದಾಗ "ನಾನೇ ಧೈರ್ಯಗೆಟ್ಟೆ, ಅದಕ್ಕೇ ಬಂತು" ಅಂತ ಕೊರಗೋರಿಗೆ ನೇರವಾಗಿ ಹೇಳಬಹುದು: ನೀವು ಅತ್ತಿದ್ದರಿಂದ ಗಡ್ಡೆ ಬೆಳೆಯಲಿಲ್ಲ. ಅಳೋಕೆ ಅನುಮತಿ ಸಿಕ್ಕಿದರೆ ಎಷ್ಟೋ ಜನ ಆಮೇಲೆ ತಾವಾಗಿ ನಗ್ತಾರೆ.

ಆಯುಷ್ಯದ ವಿಷಯ ಬಂದಿದ್ದಕ್ಕೆ ಇನ್ನೊಂದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲಿನಿಂದಲೇ ಉಪಶಾಮಕ ಆರೈಕೆಯನ್ನೂ (ನೋವು, ಸಂಕಟ ಇಳಿಸೋ ಆರೈಕೆ) ಸೇರಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಗುಂಪಿನ ಮಧ್ಯಾಂಕ 11.6 ತಿಂಗಳು, ಇನ್ನೊಂದರದ್ದು 8.9. ಖಿನ್ನತೆಯೂ ಕಡಿಮೆ, ಕೊನೆಗಾಲದ ವಿಪರೀತ ಚಿಕಿತ್ಸೆಯೂ ಕಡಿಮೆ. "ಉಪಶಾಮಕ ಆರೈಕೆ ಅಂದ್ರೆ ಕೈಬಿಟ್ಟ ಹಾಗೆ" ಅನ್ನೋರಿಗೆ ಇದನ್ನ ಹೇಳಿ.

ಮಂಡ್ಯದ_ಹೈದ:
"ನಂಗೇ ಯಾಕ್ ಬಂತು" ಅನ್ನೋದ್ನ ಯಾರೂ ಮುಟ್ಲೇ ಇಲ್ವಲ್ಲ. ಹಳ್ಳೀಲಿ ಅದರ ಉತ್ತರ ರೆಡಿ ಇರ್ತದೆ, ಯಾವ್ದೋ ಜನ್ಮದ ಪಾಪ. ಬಂದೋರೆಲ್ಲ ಅದ್ನೇ ಹೇಳೋಯ್ತಾರೆ.

ಕಡಲಕರೆ_ಆಪ್ತಸಮಾಲೋಚನೆ:
ಈ ಪ್ರಶ್ನೆಯೊಳಗೆ ಎರಡುಂಟು. ಒಂದು ಮೈಗೆ ಹೇಗೆ ಬಂತು ಎಂಬುದು, ಅದಕ್ಕೆ ಡಾಕ್ಟರು ಉತ್ತರ ಹೇಳಬಹುದು. ಇನ್ನೊಂದು ನ್ಯಾಯದ ಪ್ರಶ್ನೆ. ಅದಕ್ಕೆ ನಿಮ್ಮಲ್ಲಿ ಉತ್ತರ ಇಲ್ಲ, ಇದ್ದ ಹಾಗೆ ನಟಿಸಬೇಡಿ. "ಇದು ಅನ್ಯಾಯ ಅಂತ ಅನಿಸ್ತಾ ಉಂಟಲ್ಲ?" ಎಂದರೆ ಮಾತು ಮುಂದೆ ಹೋಗುತ್ತದೆ. ಕರ್ಮ ಎಂದು ಅವರೇ ಹೇಳಿದರೆ ತಿದ್ದಲೂ ಬೇಡಿ, ಒಪ್ಪಲೂ ಬೇಡಿ. "ಹಾಗೆ ಅಂದುಕೊಂಡಾಗ ಸಮಾಧಾನ ಆಗ್ತದಾ, ಜಾಸ್ತಿ ಸಂಕಟ ಆಗ್ತದಾ?" ಎಂದು ಕೇಳಿ. ಕೆಲವರಿಗೆ ಅದು ನಿಜಕ್ಕೂ ಸಮಾಧಾನ, "ತೀರಿಸಿಕೊಂಡು ಹೋಗ್ತೇನೆ" ಎನ್ನುತ್ತಾರೆ. ಕೆಲವರಿಗೆ ಅದು ಶಿಕ್ಷೆಯ ಮೇಲೆ ಶಿಕ್ಷೆ. ಎರಡನೆಯವರಿಗೆ ಅವರು ನಂಬುವ ಪುರೋಹಿತರು, ಸ್ವಾಮೀಜಿ, ಫಾದರ್, ಮೌಲ್ವಿ ಯಾರಾದರೂ ಬಂದು ಎರಡು ಒಳ್ಳೆಯ ಮಾತಾಡುವ ಹಾಗೆ ಏರ್ಪಾಟು ಮಾಡಿ. ಬರುವ ಮೊದಲು ಅವರಿಗೆ ವಿಷಯ ತಿಳಿಸಿರಬೇಕು.

ಗುಟ್ಕಾ, ಬೀಡಿ, ಕಡ್ಡಿಪುಡಿ ಹಾಕಿ ಬಾಯಿ ಕ್ಯಾನ್ಸರ್ ಬಂದವರಲ್ಲಿ "ನಾನೇ ತಂದುಕೊಂಡೆ" ಎಂಬುದು ಬೇರೆ. ಅಲ್ಲಿ "ಹಾಗೇನಿಲ್ಲ" ಎಂದರೆ ಸುಳ್ಳು, ಅವರಿಗೂ ಗೊತ್ತುಂಟು. "ಚಟ ಹತ್ತಿಸುವ ವಸ್ತು, ಹತ್ತು ರೂಪಾಯಿಗೆ ಮೂಲೆ ಮೂಲೆಯಲ್ಲಿ ಸಿಗ್ತಿತ್ತು, ಬಿಡಿಸಲು ಯಾರೂ ಇರಲಿಲ್ಲ" ಎಂಬುದು ನಿಜ, ಅದನ್ನು ಹೇಳಬಹುದು. ಗರ್ಭಕಂಠದ ಕ್ಯಾನ್ಸರ್ ಇರುವ ಹೆಂಗಸರ ಮೇಲೆ ನಡತೆಯ ಮಾತು ಬರುತ್ತದೆ. ಅದಕ್ಕೆ ಕಾರಣವಾಗುವ ಎಚ್‌ಪಿವಿ ಬಹಳ ಸಾಮಾನ್ಯ ವೈರಸ್, ಒಬ್ಬನೇ ಗಂಡನಿಂದಲೂ ಬರಬಹುದು. ಇದನ್ನು ಅತ್ತೆಗೂ ಗಂಡನಿಗೂ ಕೇಳುವ ಹಾಗೆ ಹೇಳಿ.

ರಾತ್ರಿಪಾಳಿ_ಸಿಸ್ಟರ್:
ಅದರ ಜೊತೆ ಬೇರೆ ಲೋಟದ ವಿಷಯ ಸೇರಿಸಿ. ಮಂಚದ ಕೆಳಗೆ ಒಂದು ಹಳೇ ಸ್ಟೀಲ್ ಲೋಟ, ಒಂದು ತಟ್ಟೆ, ಅದರ ಅಂಚಿಗೆ ಉಗುರುಬಣ್ಣದ ಗುರುತು – ಇದು ಕಂಡರೆ ಆ ಮನೆಯಲ್ಲಿ ಕ್ಯಾನ್ಸರನ್ನು ಅಂಟುರೋಗ ಅಂದುಕೊಂಡಿದ್ದಾರೆ. ಭಾಷಣ ಬೇಡ. ನೀವು ಅವರ ಪಕ್ಕ ಕೂತು ಕಾಫಿ ಕುಡೀರಿ, ಅವರ ಕೈ ಹಿಡೀರಿ, ಮೊಮ್ಮಗು ಬಂದರೆ ಮಡಿಲಿಗೆ ಕೊಡಿ. ಊಟ, ಉಸಿರು, ಮುಟ್ಟೋದರಿಂದ ಹರಡಲ್ಲ. ಹೊರಗಿನಿಂದ ಕರೆಂಟು ಕೊಟ್ಟವರ ಮೈಯಿಂದ ವಿಕಿರಣ ಬರಲ್ಲ.

ನಿಜವಾದ ಎಚ್ಚರಿಕೆ ಬೇಕಾದ ಎರಡು ಸಂದರ್ಭ ಇವೆ, ಅದನ್ನು ಇದಕ್ಕೆ ಬೆರೆಸಬೇಡಿ. ಕೀಮೋ ಆದ ಮೇಲೆ ಸುಮಾರು 48 ಗಂಟೆ ಮಲ, ಮೂತ್ರ, ವಾಂತಿ ಬಳಿಯೋರು ಕೈಗವಸು ಹಾಕಬೇಕು, ಕಕ್ಕಸಿಗೆ ಎರಡು ಸಲ ನೀರು ಬಿಡಬೇಕು. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಅಯೋಡಿನ್ ಕುಡಿಸಿದರೆ ಆಸ್ಪತ್ರೆ ಹೇಳಿದಷ್ಟು ದಿನ ಮಕ್ಕಳು, ಗರ್ಭಿಣಿಯರಿಂದ ದೂರ.

ತುಂಗಾತೀರ:
ತುಂಬಾ ಕೆಲಸಕ್ಕೆ ಬರ್ತಿದೆ. "ಭಾರ" ಅನ್ನೋ ಮಾತು ಉಳಿದಿದೆ. ಮತ್ತೆ ರಾತ್ರಿ ಭಯ. ಹಗಲು ಸರಿಯಿದ್ದು ನಡುರಾತ್ರಿ ಎದ್ದು ಕೂರೋರು.

ಬಿಳಿಹಾಳೆ:
ಭಾರದ ಮಾತಿಗೆ "ಛೇ, ಹಾಗನ್ನಬೇಡಿ" ಅಂದರೆ ಬಾಯಿ ಮುಚ್ಚಿಸಿದ ಹಾಗೆ. ಒಂದು ಪಾತ್ರ ವಾಪಸ್ ಕೊಡಬೇಕು. ಅಪ್ಪೆಮಿಡಿ ಕಾಲ ಅಂದುಕೊಳ್ಳಿ. ಎದ್ದು ನಿಲ್ಲೋಕಾಗದ ಅಜ್ಜಿಯ ಮಂಚದ ಪಕ್ಕ ಮಿಡಿ ತುಂಬಿದ ಬುಟ್ಟಿ ಇಡಿ. ಯಾವುದು ಸೋನೆ ಇರೋದು, ಯಾವುದು ಪೆಟ್ಟು ಬಿದ್ದದ್ದು ಅಂತ ಕೈಯಲ್ಲಿ ಹಿಡಿದು ಅವರೇ ಆರಿಸಲಿ. ಉಪ್ಪು ಎಷ್ಟು, ಯಾವಾಗ ಮಗುಚಬೇಕು ಅಂತ ಸೊಸೆಗೆ ಹೇಳಲಿ. ಮಿಡಿ ಚಿರುಟೋ ತನಕ ದಿನಾ ಒಂದು ಸಲ ಭರಣಿ ತೋರಿಸಬೇಕಾಗುತ್ತೆ. ಅಷ್ಟು ದಿನ ‘ನಾಳೆ ನೋಡಬೇಕಾದದ್ದು’ ಒಂದು ಇರುತ್ತೆ. ಕೀಮೋ ನಡೀತಿರೋರಿಗೆ ಮಾತ್ರ ಇದನ್ನ ಮಾಡಬೇಡಿ, ಸೋನೆ ವಾಸನೆಗೆ ವಾಕರಿಕೆ ಬರುತ್ತೆ. ಅವರಿಗೆ ಹೂ ಬಿಡಿಸೋದೂ ಕಷ್ಟ, ಲೆಕ್ಕದ ಪುಸ್ತಕ, ಮಗುವಿನ ಮಗ್ಗಿ ಒಪ್ಪಿಸಿಕೊಳ್ಳೋದು ಸರಿ.

ಇನ್ನೊಂದು, ಕೆನಡಾದ ವಿನ್ನಿಪೆಗ್‌ನ ಮನೋವೈದ್ಯ ಹಾರ್ವೆ ಚೊಚಿನೋವ್ ರೂಪಿಸಿದ ‘ಘನತೆ ಚಿಕಿತ್ಸೆ’. ತರಬೇತಿ ಇಲ್ಲದವರು ಅದರ ಹೆಸರು ಹೇಳದೆ ಸರಳವಾಗಿ ಮಾಡಬಹುದು. ಹಿಂದಿನ ದಿನವೇ ಪ್ರಶ್ನೆ ಕೊಡಿ: ಯಾವಾಗ ತುಂಬಾ ಜೀವಂತ ಅನ್ನಿಸಿತ್ತು? ಮಾಡಿದ ಕೆಲಸದಲ್ಲಿ ಯಾವುದು ಹೆಮ್ಮೆ? ಮಕ್ಕಳಿಗೆ ಗೊತ್ತಾಗಬೇಕಾದ್ದು ಏನಿದೆ? ಅವರಿಗಾಗಿ ಏನು ಹಾರೈಕೆ? ನೋವಿನ ಮಾತ್ರೆ ತಗೊಂಡು ಒಂದು ಗಂಟೆ ಆದಮೇಲೆ ಕೂರಿ. ಟಿವಿ, ಮಿಕ್ಸಿ ಬಂದ್. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ರೆಕಾರ್ಡಿಂಗ್ ಒತ್ತಿ, ದಿಂಬಿನ ಮೇಲಲ್ಲ, ಪಕ್ಕದ ಸ್ಟೂಲಿನ ಮೇಲೆ ಮಡಚಿದ ಟವಲ್ ಹಾಕಿ ಇಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಎರಡು ಮೂರು ದಿನದೊಳಗೆ ಬರೆದು ಓದಿಹೇಳಿ. ತಡ ಮಾಡಿದರೆ ಅವರ ಹತ್ರ ಅಷ್ಟು ಸಮಯ ಇರದೆ ಹೋಗಬಹುದು. ಅವರು ತಿದ್ದಿದ ಮೇಲೆ ಯಾರಿಗೆ ಕೊಡಬೇಕು ಅಂತ ಕೇಳಿ ಕೊಡಿ. ಹಳೇ ಆಸ್ತಿ ಜಗಳ, ಸೊಸೆ ಮೇಲಿನ ಸಿಟ್ಟು ಬಂದೇ ಬರುತ್ತೆ. "ಇದು ಮೊಮ್ಮಕ್ಕಳ ಕೈಗೆ ಹೋಗುತ್ತೆ, ಇರಲಾ, ತೆಗೀಲಾ?" ಅಂತ ಅವರನ್ನೇ ಕೇಳಿ. ನೀವಾಗಿ ತೆಗೀಬೇಡಿ.

ರಾತ್ರಿಪಾಳಿ_ಸಿಸ್ಟರ್:
ರಾತ್ರಿ ಭಯಕ್ಕೆ, "ಏನೂ ಯೋಚನೆ ಮಾಡಬೇಡಿ" ಅನ್ನೋ ಬದಲು "ಯಾವುದರ ಭಯ?" ಅಂತ ಬಿಡಿಸಿ ಕೇಳಿ. ಸತ್ತ ಮೇಲೇನು ಅನ್ನೋ ಭಯಕ್ಕಿಂತ ಸಾಯೋದು ಹೇಗೆ ಅನ್ನೋದೇ ಸಾಮಾನ್ಯವಾಗಿ ದೊಡ್ಡದು. ನೋವಿನ ಭಯಕ್ಕೆ ರಾತ್ರಿಯ ಹೆಚ್ಚುವರಿ ಮಾತ್ರೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ, ಆರೈಕೆ ಮಾಡೋರ ತಲೆದಿಂಬಿನ ಹತ್ರ ಇಟ್ಟಿದೆ ಅಂತ ರೋಗಿಗೆ ತೋರಿಸಿ. ಉಸಿರು ಕಟ್ಟೋ ಭಯಕ್ಕೆ ಮಲಗಿಸಬೇಡಿ, ಕೂರಿಸಿ, ಮುಂದೆ ಮೇಜಿನ ಮೇಲೆ ದಿಂಬು ಇಟ್ಟು ಅದರ ಮೇಲೆ ಕೈಯೂರಿ ಬಾಗಿಸಿ. ಸಣ್ಣ ಫ್ಯಾನ್ ಮುಖದಿಂದ ಒಂದು ಗೇಣು ದೂರ, ಗಾಳಿ ಕೆನ್ನೆ ಮತ್ತು ಮೂಗಿನ ಮೇಲೆ ಬರಬೇಕು. ಸುತ್ತ ಹತ್ತು ಜನ ನಿಂತು ನೋಡೋದನ್ನ ನಿಲ್ಲಿಸಿ. ಒಬ್ಬರೇ ಇರೋ ಭಯಕ್ಕೆ ತಂತಿಯಿಲ್ಲದ ಕಾಲಿಂಗ್ ಬೆಲ್ ಕೈಗೆ ಕಟ್ಟಿ, ಒತ್ತಿ ನೋಡಿಸಿ. ಮಂಚ ಗೋಡೆಗೆ ಮುಖಮಾಡಿದ್ದರೆ ಅಡುಗೆಮನೆ ಬಾಗಿಲ ಕಡೆ ತಿರುಗಿಸಿ. ಒಗ್ಗರಣೆ ಸದ್ದು ಕೇಳಿದರೆ ಮನೆಯೊಳಗೆ ಇದ್ದೀನಿ ಅನ್ನಿಸುತ್ತೆ.

ಕಡಲಕರೆ_ಆಪ್ತಸಮಾಲೋಚನೆ:
ದುಃಖ ಮತ್ತು ಖಿನ್ನತೆ ಒಂದೇ ಅಲ್ಲ, ಅದನ್ನೂ ಬರೆಯಿರಿ. ಹಸಿವಿಲ್ಲ, ನಿದ್ರೆಯಿಲ್ಲ, ಸುಸ್ತು ಎಂಬುದರಿಂದ ಇಲ್ಲಿ ಗುರುತಿಸ್ಲಿಕ್ಕಾಗುವುದಿಲ್ಲ, ಅದೆಲ್ಲ ಕಾಯಿಲೆಯಿಂದಲೂ ಬರುತ್ತದೆ. ಮೊಮ್ಮಗ ಬಂದರೂ, ಇಷ್ಟದ ಯಕ್ಷಗಾನ ಹಾಕಿದರೂ ಎರಡು ವಾರದಿಂದ ಮುಖ ಅರಳದಿದ್ದರೆ, "ನಾನು ಯಾವುದಕ್ಕೂ ಯೋಗ್ಯ ಅಲ್ಲ" ಎಂಬುದೇ ದಿನವಿಡೀ ಇದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಉಂಟು. ಸೊನ್ನೆಯಿಂದ ಹತ್ತರ ಸಂಕಟದ ಅಳತೆಯಲ್ಲಿ ನಾಲ್ಕು ಅಥವಾ ಮೇಲೆ ಹೇಳಿದರೂ ಅಷ್ಟೆ.

"ಸತ್ತರೆ ಸಾಕು" ಎಂದಾಗ "ಜೀವ ತೆಗೆದುಕೊಳ್ಳುವ ಯೋಚನೆ ಬರ್ತದಾ?" ಎಂದು ನೇರ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರೇ ಬಿಟ್ಟು ಬರಬೇಡಿ, ಮನೆಯಲ್ಲಿರುವ ಕೀಟನಾಶಕ ಮತ್ತು ಮಾತ್ರೆಗಳ ದಾಸ್ತಾನನ್ನು ಬೇರೆಯವರ ಕೈಗೆ ಕೊಡಿಸಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲಿಯೂ ಮಾತಾಡಬಹುದು.

ಒರಿಜಿನಲ್_ಸೈಡ್:
ಪೇಡೆನಗರಿಯವರ ಐಸಿಯು ತಕರಾರಿಗೆ ಕಾನೂನಿನ ಕಡೆಯಿಂದ. ಮುಂದೆ ತನಗೆ ತೀರ್ಮಾನ ಮಾಡುವ ಶಕ್ತಿ ಹೋದರೆ, ಗುಣವಾಗುವ ಆಸೆಯೂ ಇಲ್ಲದಿದ್ದರೆ, ವೆಂಟಿಲೇಟರ್ ಮುಂತಾದ್ದು ಬೇಡ ಎಂದು ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಜಾರಿಗೆ ಸುತ್ತೋಲೆ ಹೊರಡಿಸಿತು. ಬುದ್ಧಿ ಸ್ವಸ್ಥವಿರುವ ವಯಸ್ಕರು, ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ತನ್ನ ಪರವಾಗಿ ಮಾತಾಡುವವರೆಂದು ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬೇಕು, ಆರು ತಿಂಗಳಿಂದ ನೋಡಿಕೊಂಡ ಸೊಸೆಯ ಹೆಸರು ಬರೆಯಲು ಯಾವ ಅಡ್ಡಿಯೂ ಇಲ್ಲ. ಆಸ್ಪತ್ರೆಯ ವೈದ್ಯರ ಮಂಡಳಿ, ಅದರ ಮೇಲೆ ಎರಡನೇ ಮಂಡಳಿ ಒಪ್ಪಿದ ಮೇಲೆ ಜಾರಿ. ಇದು ಚುಚ್ಚಿ ಸಾಯಿಸುವ ಅನುಮತಿ ಅಲ್ಲ, ಅದು ಈಗಲೂ ಅಪರಾಧ. ಊಟ, ನೋವಿನ ಔಷಧಿ, ಆರೈಕೆ ನಿಲ್ಲುತ್ತದೆ ಎಂದೂ ಅಲ್ಲ. ಮೂಲಪ್ರತಿಯನ್ನು ಬೀರುವಿನ ಲಾಕರಿನಲ್ಲಿ ಇಟ್ಟು ಬೀಗದ ಕೈ ಯಾರಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದಂತೆ ಮಾಡುವುದು ಎಲ್ಲರೂ ಮಾಡುವ ತಪ್ಪು. ಆಸ್ಪತ್ರೆ ಫೈಲಿನ ಮೊದಲ ಹಾಳೆಯಾಗಿ ಒಂದು ಪ್ರತಿ ಇರಲಿ.

ಮಂಡ್ಯದ_ಹೈದ:
ಚಿಕಿತ್ಸೆ ಮುಗ್ದು ಚೆನ್ನಾಗಿರೋರ ಕಥೆ ಏನು? ಸ್ಕ್ಯಾನ್ ದಿನ ಬಂತು ಅಂದ್ರೆ ಹದಿನೈದು ದಿನ ಮೊದ್ಲಿಂದ ಊಟ ಬಿಡ್ತಾರೆ.

ಬಿಳಿಹಾಳೆ:
ಸ್ಕ್ಯಾನಿನ ದಿನಾಂಕದ ಜೊತೆಗೇ ಡಾಕ್ಟರನ್ನು ನೋಡೋ ದಿನಾಂಕವನ್ನೂ ಹಿಡೀರಿ, ಎರಡರ ಮಧ್ಯೆ ಆದಷ್ಟು ಕಡಿಮೆ ಅಂತರ ಇರಲಿ. ವರದಿ ರಾತ್ರಿ ಹತ್ತಕ್ಕೆ ಫೋನಿಗೆ ಬಂದರೆ ತೆರೆಯೋ ಕೆಲಸ ಬೇರೊಬ್ಬರಿಗೆ ವಹಿಸಿ. ಅದರ ಒಂದೊಂದು ಪದವನ್ನೂ ಗೂಗಲ್ ಮಾಡಿದರೆ ಹಳೇ ಗಾಯದ ಕಲೆಯೂ ಗಡ್ಡೆಯಾಗಿ ಕಾಣುತ್ತೆ. ಭಯ ಪೂರ್ತಿ ಹೋಗಲ್ಲ, ಎರಡು ವಾರದ್ದು ಎರಡು ದಿನಕ್ಕೆ ಇಳಿದರೆ ಗೆದ್ದ ಹಾಗೆ.

ತುಂಗಾತೀರ:
ನಾಲ್ಕು ಪುಟ ಆರಾಗುತ್ತೆ, ಆಗಲಿ. "ಧೈರ್ಯವಾಗಿರಿ" ಅನ್ನೋ ಸಾಲನ್ನ ತೆಗೆದು ಅಲ್ಲಿ "ಯಾವುದರ ಭಯ?" ಹಾಕಿದೀನಿ. ಡಾಕ್ಟರಿಗೆ ಕೇಳೋ ಮೂರು ಪ್ರಶ್ನೆ, ಬಾಗಿಲ ಹತ್ರದ ಒಪ್ಪಂದ, ಐದು ಮನೆಯ ಚಿತ್ರ ಮೂರನ್ನೂ ಚೌಕಟ್ಟು ಹಾಕಿ ಕೊಡ್ತೀನಿ. ಹಿಂಬದಿ ರಕ್ಷಾಪುಟದಲ್ಲಿ ಫೋನ್ ನಂಬರುಗಳು. ಬಿಟ್ಟುಹೋಗಿದ್ದು ಏನಾದರೂ ಇದೆಯಾ?

ರಾತ್ರಿಪಾಳಿ_ಸಿಸ್ಟರ್:
ಫೋನ್ ನಂಬರ್ ಹಿಂಬದಿಗೆ ಬೇಡ. ಪುಸ್ತಕ ಮಡಚಿ ದಿಂಬಿನಡಿ ಇಡ್ತಾರೆ, ಮೊದಲು ಹರಿದುಹೋಗೋದೇ ಆ ಹಾಳೆ. ಒಳಗಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ನರ್ಸ್ ನಂಬರಿನ ಜಾಗ ಖಾಲಿ ಬಿಡಿ, ಭೇಟಿಗೆ ಹೋದವರು ಸ್ಕೆಚ್ ಪೆನ್ನಲ್ಲಿ ಬರೆದು, ಅಲ್ಲೇ ಕೂತು ಆ ಮನೆಯವರ ಫೋನಿಂದ ಒಂದು ಸಲ ಕರೆ ಮಾಡಿಸಿ ನೋಡಲಿ.